ರಮಾಬಾಯಿ ಮಾತು ನಿಲ್ಲಿಸಿದ ದಿನ: ಮೌನ ಮತ್ತು ಪ್ರೋತ್ಸಾಹದ ಮಾತು

  ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಬಂದಿರುವ ಎಲ್ಲಾ ಯೌವನಸ್ಥರಿಗೆ, ಬೆಂಗಳೂರಿನಿಂದ ರಾತ್ರಿ ಬಸ್ಸಲ್ಲಿ ಬಂದು ನಿದ್ದೆ ಸರಿ ಆಗದೆ ಕೂತಿರುವವರಿಗೂ ಸೇರಿಸಿ, ಸ್ತೋತ್ರ. ಇವತ್ತು ಒಂದು ಜೀವನದ ಬಗ್ಗೆ ಮಾತಾಡ್ತೇನೆ. ವಿಷಯ ಮಾತ್ರ ನಮ್ಮದೇ: ಬಾಯಿ ಯಾವಾಗ ಮುಚ್ಚಬೇಕು, ಯಾವಾಗ ತೆರೆಯಬೇಕು.

ನಾವು ಪೆಂಟೆಕೋಸ್ಟಲ್ ಜನ. ನಮಗೆ ಮೌನ ಅಂದ್ರೆ ಸ್ವಲ್ಪ ಭಯ. ಎರಡು ಹಾಡಿನ ನಡುವೆ ಹತ್ತು ಸೆಕೆಂಡ್ ಖಾಲಿ ಬಿಟ್ಟರೆ ಎಲ್ಲರೂ ಕರೆಂಟ್ ಹೋಯ್ತಾ ಅಂತ ಸೌಂಡ್ ಸಿಸ್ಟಮ್ ಕಡೆ ತಿರುಗಿ ನೋಡ್ತೇವೆ. ಸಭೆಯಲ್ಲಿ ಹೀಗಾದ್ರೆ, ಮನೆಯಲ್ಲಿ ಹೇಗೆ? ಬೆಳಿಗ್ಗೆ ಎದ್ದ ಕೂಡಲೇ ಕೈ ಹೋಗೋದು ಫೋನಿಗೆ. ಬಸ್ಸಲ್ಲಿ ಇಯರ್‌ಫೋನ್. ಊಟಕ್ಕೆ ಕೂತ್ರೆ ರೀಲ್ಸ್. ದೇವರು ನಮ್ಮ ಹತ್ತಿರ ಮಾತಾಡ್ತಿಲ್ಲ ಅಂತ ಬಂದು ಕೌನ್ಸೆಲಿಂಗ್ ಕೇಳ್ತೀರಿ. ಪ್ರಿಯರೇ, ಅವರಿಗೆ ಒಂದು ವಾಕ್ಯ ಮುಗಿಸೋಕೆ ನಾವು ಜಾಗ ಕೊಟ್ಟಿದ್ದೇವಾ?

ಬೇರೆಯವರಿಗೆ ಹೇಳೋ ಮೊದಲು ನನ್ನ ತಪ್ಪು ಹೇಳಿಬಿಡ್ತೇನೆ. ಕೆಲವು ವರ್ಷದ ಹಿಂದೆ ಒಂದು ಮನೆಕೂಟದಲ್ಲಿ ಒಬ್ಬ ತಂಗಿ ಸಾಕ್ಷಿ ಹೇಳೋಕೆ ಎದ್ದು ನಿಂತಳು. ಮಾತು ತಡವರಿಸ್ತಾ ಇತ್ತು. ಒಂದು ವಾಕ್ಯ ಹೇಳಿ ನಿಲ್ಲಿಸಿದಳು, ಇನ್ನೊಂದು ಅರ್ಧ ಹೇಳಿ ನಿಲ್ಲಿಸಿದಳು. ನನಗೆ ಗಡಿಯಾರ ಕಾಣ್ತಾ ಇತ್ತು. ನಾನು ಮೈಕ್ ತಗೊಂಡು ಆಕೆಯ ಸಾಕ್ಷಿಯನ್ನು ನಾನೇ ಮುಗಿಸಿದೆ. ಚೆನ್ನಾಗಿಯೇ ಮುಗಿಸಿದೆ, ಎಲ್ಲರೂ ಆಮೆನ್ ಅಂದ್ರು. ಆ ತಂಗಿಯೂ ತಲೆ ಆಡಿಸಿ ಕೂತುಕೊಂಡಳು. ಆಕೆ ಅವತ್ತು ಹೇಳಬೇಕು ಅಂತ ಬಂದದ್ದು ಬೇರೆಯೇ ಮಾತು ಅಂತ ನನಗೆ ಗೊತ್ತಾಗೋಕೆ ಏಳು ತಿಂಗಳು ಹಿಡೀತು. ಅಷ್ಟರಲ್ಲಿ ಆಕೆ ಸಭೆಗೆ ಬರೋದು ಬಿಟ್ಟಿದ್ದಳು. ಬೈಬಲ್ ಕಾಲೇಜಿನಲ್ಲಿ ನಾನು ಪ್ರಸಂಗ ಮಾಡೋದನ್ನು ಕಲಿತೆ. ಪ್ರಸಂಗ ನಿಲ್ಲಿಸೋದನ್ನು ಕಲಿತಿರಲಿಲ್ಲ. ಅದನ್ನು ನನಗೆ ಕಲಿಸಿದ್ದು ನಮ್ಮದೇ ಜಿಲ್ಲೆಯ ಕಾಡಂಚಿಗೆ ಸೇರಿದ ಒಂದು ಮನೆತನದ ಹೆಣ್ಣುಮಗಳ ಜೀವನ.

ಪಂಡಿತಾ ರಮಾಬಾಯಿ ಅಂತ ಹೆಸರು ಕೇಳಿದ್ದೀರಿ. ಶಾಲೆಯ ಪುಸ್ತಕದಲ್ಲಿ ಒಂದು ಸಾಲು ಬಂದಿರಬಹುದು. ಎಲ್ಲರೂ ಅವರನ್ನು ಮಹಾರಾಷ್ಟ್ರದವರು ಅಂತಲೇ ತಿಳಿದುಕೊಂಡಿದ್ದಾರೆ. ಆದರೆ ಕುಂದಾಪುರದ ಶಾಸ್ತ್ರಿ ಸರ್ಕಲ್‌ನಲ್ಲಿ ಬಸ್ ಹತ್ತಿ, ಬ್ರಹ್ಮಾವರ ದಾಟಿ, ಉಡುಪಿಯಲ್ಲಿ ಇಳಿದು, ಕಾರ್ಕಳದ ಬಸ್ ಹಿಡಿದು, ಅಲ್ಲಿಂದ ಬಜಗೋಳಿ ಮೇಲೆ ಘಟ್ಟದ ಬುಡಕ್ಕೆ ಹೋದರೆ ಮಾಳ ಅನ್ನೋ ಊರು ಸಿಗ್ತದೆ. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಆ ಊರಿನವರು. ಮಾಳದ ಮೇಲೆ ಘಟ್ಟದ ಕಾಡಿನಲ್ಲಿ, ತುಂಗಾ ಭದ್ರಾ ನೇತ್ರಾವತಿ ಹುಟ್ಟುವ ಗಂಗಾಮೂಲದ ಆಶ್ರಮದಲ್ಲಿ, 1858ರ ಏಪ್ರಿಲ್ 23ರಂದು ರಮಾಬಾಯಿ ಹುಟ್ಟಿದರು.

ಒಬ್ಬ ಸಂಸ್ಕೃತ ಪಂಡಿತರು ಸಂಸಾರ ಕಟ್ಟಿಕೊಂಡು ಹುಲಿ ಇರುವ ಕಾಡಿಗೆ ಯಾಕೆ ಹೋದರು? ಹೆಂಡತಿಗೆ ಓದು ಕಲಿಸಿದ್ದಕ್ಕೆ. ಅನಂತ ಶಾಸ್ತ್ರಿಗಳು ಪುಣೆಯಲ್ಲಿ ಓದುವಾಗ ಅವರ ಗುರುಗಳು ಪೇಶ್ವೆ ಮನೆತನದ ಹೆಂಗಸೊಬ್ಬರಿಗೆ ಸಂಸ್ಕೃತ ಪಾಠ ಹೇಳೋದನ್ನು ನೋಡಿದ್ದರು. ಹೆಣ್ಣಿನ ಬಾಯಲ್ಲೂ ಈ ಭಾಷೆ ಬರ್ತದೆ ಅಂತ ಅವರಿಗೆ ಅಲ್ಲಿ ಗೊತ್ತಾಯಿತು. ತಮ್ಮ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸೋಕೆ ಶುರು ಮಾಡಿದರು. ಊರು ಒಪ್ಪಲಿಲ್ಲ. ವಿಷಯ ಉಡುಪಿಯ ತನಕ ಹೋಯಿತು. ವಿದ್ವಾಂಸರ ಸಭೆಯ ಎದುರು ನಿಂತು ಅವರು ಉತ್ತರ ಕೊಡಬೇಕಾಯಿತು. ಹೆಂಗಸರು ಪುರಾಣ, ಕಾವ್ಯ ಓದಬಹುದು ಅಂತ ಶಾಸ್ತ್ರಗಳಿಂದಲೇ ಆಧಾರ ತೆಗೆದು ತೋರಿಸಿದರು. ಆಮೇಲೆ ಊರಿನ ಜಗಳ ಬೇಡ ಅಂತ ಕಾಡಿಗೆ ಹೋದರು. ಮೊದಲ ರಾತ್ರಿ ತಲೆ ಮೇಲೆ ಸೂರಿಲ್ಲ. ಕಣಿವೆಯ ಆಚೆ ಹುಲಿ ಗರ್ಜಿಸ್ತಾ ಇತ್ತು. ಆ ಚಿಕ್ಕ ಹುಡುಗಿ ಹೆಂಡತಿ ಹೊದಿಕೆ ಸುತ್ತಿಕೊಂಡು ಮುದುಡಿ ಮಲಗಿದ್ದರೆ ಗಂಡ ಬೆಳಗಿನ ತನಕ ಕಾವಲು ಕೂತಿದ್ದರಂತೆ.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದ್ರೆ, ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಒಬ್ಬ ಗಂಡಸು ತನ್ನ ಊರನ್ನೇ ಬಿಟ್ಟ. ಯಾತಕ್ಕೆ? ಒಬ್ಬ ಹೆಣ್ಣು ಮಾತು ಕಲಿಯಲಿ ಅಂತ. ಆತ ಕ್ರೈಸ್ತನಲ್ಲ, ಕೊನೆಯ ತನಕ ತನ್ನ ನಂಬಿಕೆಯಲ್ಲೇ ಇದ್ದ ಶ್ರದ್ಧಾವಂತ ಬ್ರಾಹ್ಮಣ. ಆದರೂ ಅವರು ಕೊಟ್ಟ ಬೆಲೆ ನೋಡಿ ನನಗೆ ನಾಚಿಕೆ ಆಗ್ತದೆ. ನಾನು ಒಬ್ಬ ತಂಗಿಗೆ ಐದು ನಿಮಿಷ ಕೊಡೋಕೆ ಆಗಲಿಲ್ಲ.

ಆಶ್ರಮಕ್ಕೆ ಬಂದ ಯಾತ್ರಿಕರಿಗೆಲ್ಲ ಊಟ ಹಾಕಿ ಹಾಕಿ ಕೈ ಬರಿದಾಯಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡು ಬಿಟ್ಟು ಹೊರಟಿತು. ಬೆತ್ತದ ಬುಟ್ಟಿಯಲ್ಲಿ ಮಲಗಿಸಿ, ತಲೆಯ ಮೇಲೆ ಹೊತ್ತು ಮಗುವನ್ನು ಘಟ್ಟ ಇಳಿಸಿದರು. ಆಮೇಲೆ ಹದಿನಾರು ವರ್ಷ ನೆಲೆ ಇಲ್ಲ. ತೀರ್ಥಕ್ಷೇತ್ರದಿಂದ ತೀರ್ಥಕ್ಷೇತ್ರಕ್ಕೆ ನಡಿಗೆ, ದೇವಸ್ಥಾನದ ಜಗಲಿಯಲ್ಲಿ ಪುರಾಣ ಪಠನ, ಕೇಳಿದವರು ಕೊಟ್ಟದ್ದರಲ್ಲಿ ಊಟ. ತಂದೆಗೆ ವಯಸ್ಸಾಗಿ ಕಣ್ಣು ಹೋಗ್ತಾ ಇತ್ತು, ಹಾಗಾಗಿ ಪಾಠ ಹೇಳಿದ್ದು ತಾಯಿ ಲಕ್ಷ್ಮೀಬಾಯಿ. ಯಾರಿಗೆ ಓದು ಕಲಿಸಿದ್ದಕ್ಕೆ ಕಾಡಿಗೆ ಹೋಗಬೇಕಾಯಿತೋ ಅದೇ ತಾಯಿಯ ಬಾಯಿಂದ ಮಗಳು ಕಲಿತಳು. ಭಾಗವತದ 18,000 ಶ್ಲೋಕ ಆ ಹುಡುಗಿಗೆ ಬಾಯಿಪಾಠ ಆಯಿತು. ಗಮನಿಸಿ, ಇಷ್ಟು ಮಾತು ಬಾಯಿಗೆ ಬರಬೇಕಾದ್ರೆ ಮೊದಲು ಎಷ್ಟು ಗಂಟೆ ಸುಮ್ಮನೆ ಕೂತು ಕೇಳಿರಬೇಕು! ಮುಂದೆ ದೇಶವೇ ಕೇಳಿದ ಆ ಬಾಯಿ ಮೊದಲು ಕಿವಿಯಾಗಿತ್ತು.

ಆಮೇಲೆ ಬರಗಾಲ ಬಂತು. 1870ರ ದಶಕದ ಮದ್ರಾಸ್ ಪ್ರಾಂತ್ಯದ ಬರ. ದುಡ್ಡು ಮುಗಿಯಿತು, ಪಾತ್ರೆ ಮಾರಿದರು. ತಿರುಪತಿ ಹತ್ತಿರದ ಕಾಡಲ್ಲಿ ಎಲೆ ತಿಂದು ದಿನ ದೂಡಿದರು. 1874ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿ. ಹೊರಲು ಸಾಕಷ್ಟು ಜನ ಸಿಗದೆ, ಹದಿನಾರು ವರ್ಷದ ರಮಾಬಾಯಿ ತಾವೇ ತಾಯಿಯ ಚಟ್ಟಕ್ಕೆ ಹೆಗಲು ಕೊಟ್ಟರು. ಎತ್ತರ ಸಾಲದ್ದಕ್ಕೆ ಚಟ್ಟದ ತುದಿಯನ್ನು ತಲೆ ಮೇಲೆ ಇಟ್ಟುಕೊಳ್ಳಬೇಕಾಯಿತು. ಅಕ್ಕ ಕೃಷ್ಣಾಬಾಯಿಯೂ ಹೋದರು. ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ಇವರು. ಇಬ್ಬರೂ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತಾ ಮುಟ್ಟಿದರು.

ಕಲ್ಕತ್ತಾದ ಪಂಡಿತರು ಇಪ್ಪತ್ತು ವರ್ಷದ ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪಂಡಿತಾ ಅಂತ, ಸರಸ್ವತಿ ಅಂತ ಬಿರುದು ಕೊಟ್ಟರು. ಎಲ್ಲಿ ಹೋದರೂ ಭಾಷಣ. ಇವತ್ತಿನ ಮಾತಲ್ಲಿ ಹೇಳೋದಾದ್ರೆ ರಾತ್ರೋರಾತ್ರಿ ವೈರಲ್. ಆದರೆ ಅದೇ ದಿನಗಳಲ್ಲಿ ಅವರ ಒಳಗೆ ಒಂದು ಪ್ರಶ್ನೆ ಬೆಳೀತಾ ಇತ್ತು. ಇಷ್ಟು ಶ್ಲೋಕ ಹೇಳಿದ್ದೇವೆ, ಇಷ್ಟು ಕ್ಷೇತ್ರ ಸುತ್ತಿದ್ದೇವೆ, ಅಪ್ಪ ಅಮ್ಮ ಹಸಿವಿನಿಂದ ಸತ್ತರು, ಕೇಳಿಸಿಕೊಳ್ಳುವವರು ಯಾರಾದರೂ ಇದ್ದಾರಾ?

1880ರಲ್ಲಿ ಅಣ್ಣನೂ ತೀರಿಕೊಂಡ. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳಿ ವಕೀಲರನ್ನು ಮದುವೆಯಾದರು. ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ಸತ್ತರು. 23 ವರ್ಷಕ್ಕೆ ವಿಧವೆ, ಕೈಯಲ್ಲಿ ವರ್ಷ ತುಂಬದ ಕೂಸು. ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಒಂದು ಸಣ್ಣ ಪ್ರತಿ ಸಿಕ್ಕಿತ್ತು. ಯಾರ ಪ್ರಸಂಗವೂ ಇಲ್ಲದೆ, ಮನೆಯ ಮೌನದಲ್ಲಿ ಅದನ್ನು ಓದಿದ್ದರು. ಬೀಜ ಬಿದ್ದದ್ದು ಅಲ್ಲಿ.

ಪುಣೆಗೆ ಬಂದರು. ಹೆಂಗಸರಿಗಾಗಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಎದುರು ಹೇಳಿಕೆ ಕೊಟ್ಟು, ಹೆಣ್ಣುಮಕ್ಕಳಿಗೆ ಹೆಣ್ಣು ಶಿಕ್ಷಕರು ಬೇಕು, ಹೆಣ್ಣು ವೈದ್ಯರು ಬೇಕು ಅಂತ ಒತ್ತಿ ಹೇಳಿದರು. ಕಾಯಿಲೆ ಬಂದರೂ ಗಂಡು ವೈದ್ಯರ ಹತ್ತಿರ ಬಾಯಿ ಬಿಡಲಾಗದೆ ಸಾಯುವ ಹೆಂಗಸರು ಅವರಿಗೆ ಗೊತ್ತಿದ್ದರು. ತಾವೇ ಡಾಕ್ಟರ್ ಆಗಬೇಕು ಅಂತ 1883ರಲ್ಲಿ ಮಗಳನ್ನು ಕರೆದುಕೊಂಡು ಹಡಗು ಹತ್ತಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಇಂಗ್ಲೆಂಡಿನಲ್ಲಿ ಅವರಿಗೆ ಎರಡು ಘಟನೆ ಆಯಿತು. ಒಂದು, ವಾಂಟೇಜ್ ಎಂಬಲ್ಲಿನ ಸಿಸ್ಟರ್‌ಗಳ ಮಠದಲ್ಲಿ ಇದ್ದಾಗ ಅವರು ನಡೆಸುತ್ತಿದ್ದ ಒಂದು ಆಶ್ರಯಮನೆಯನ್ನು ನೋಡಿದರು. ಸಮಾಜ ಕೆಟ್ಟವರು ಅಂತ ಹೊರಗೆ ಹಾಕಿದ ಹೆಂಗಸರನ್ನು ಅಲ್ಲಿ ಮನುಷ್ಯರ ಹಾಗೆ ನೋಡಿಕೊಳ್ಳುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದಾಗ ಅವರಿಗೆ ಸಮಾರ್ಯದ ಸ್ತ್ರೀಯ ಕಥೆ ಓದಿಸಿದರು, ಯೋಹಾನ 4ನೇ ಅಧ್ಯಾಯ. ಆ ಅಧ್ಯಾಯವನ್ನು ಇವತ್ತು ಮನೆಗೆ ಹೋಗಿ ಓದಿ. ಆ ಹೆಂಗಸು ಎಷ್ಟು ಸಲ ಮಾತಾಡ್ತಾಳೆ, ಎಷ್ಟು ಪ್ರಶ್ನೆ ಕೇಳ್ತಾಳೆ ಲೆಕ್ಕ ಹಾಕಿ. ಬಾವಿ ಕಟ್ಟೆಯ ಮೇಲೆ ದಣಿದು ಕೂತ ಯೇಸು ಎಲ್ಲವನ್ನೂ ಪೂರ್ತಿ ಕೇಳ್ತಾರೆ. ಕೊನೆಗೆ ಏನಾಗ್ತದೆ? ಊರವರ ಮುಖ ತಪ್ಪಿಸಿಕೊಂಡು ಬಂದವಳು ಊರಿಗೇ ಓಡಿ ಹೋಗಿ ಸಾಕ್ಷಿ ಹೇಳ್ತಾಳೆ. ಕೇಳಿಸಿಕೊಂಡವರು ಒಬ್ಬರು ಸಿಕ್ಕಿದ್ದೇ ಅವಳಿಗೆ ಬಾಯಿ ಬಂತು. ರಮಾಬಾಯಿ ಹುಡುಕುತ್ತಿದ್ದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. 1883ರ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ತಗೊಂಡರು.

ಎರಡನೇದು, ಅವರ ಕಿವಿ ಕೇಳದಾಗತೊಡಗಿತು. ಯಾವ ಆಸೆ ಹೊತ್ತು ಸಮುದ್ರ ದಾಟಿದ್ದರೋ ಆ ಡಾಕ್ಟರ್ ಓದನ್ನು ಕಿವಿಯ ತೊಂದರೆಯಿಂದಲೇ ಬಿಡಬೇಕಾಯಿತು. ಯೋಚನೆ ಮಾಡಿ. ಕೇಳಿ ಕೇಳಿ ಕಲಿತವರು, ಮಾತಿನಿಂದಲೇ ಬದುಕಿದವರು. ಅವರ ಸುತ್ತ ಒಂದು ಮೌನ ಇಳಿಯಿತು, ತಾವು ಆರಿಸಿಕೊಳ್ಳದ ಮೌನ. ನಮ್ಮಲ್ಲಿ ಯಾರಿಗಾದರೂ ಹಾಗಾದ್ರೆ ಸ್ವಸ್ಥತೆಗೆ ಪ್ರಾರ್ಥಿಸ್ತೇವೆ, ಪ್ರಾರ್ಥಿಸಲೇಬೇಕು. ಆದರೆ ರಮಾಬಾಯಿಯ ಕಿವಿ ಮೊದಲಿನ ಹಾಗೆ ಆಗಲಿಲ್ಲ. ಜೀವನಪೂರ್ತಿ ಆ ಕೊರತೆ ಜೊತೆಯಲ್ಲೇ ಇತ್ತು. ಆ ಕಿವುಡುತನ ಆಶೀರ್ವಾದ ಅಂತ ನಾನು ಹೇಳೋದಿಲ್ಲ, ಬೇರೆಯವರ ನೋವಿನ ಮೇಲೆ ಆ ಬೋರ್ಡ್ ಹಾಕೋದು ಸುಲಭ. ನನಗೆ ಗೊತ್ತಿರೋದು ಇಷ್ಟೇ: ಕಿವಿ ಮಂದವಾದ ಈ ಹೆಂಗಸು ಕಿವಿ ಚೆನ್ನಾಗಿದ್ದವರು ಕೇಳಿಸಿಕೊಳ್ಳದ ಧ್ವನಿಗಳನ್ನು ಕೇಳಿಸಿಕೊಂಡರು.

ಸುಮ್ಮನಿರೋದು ಅಂದ್ರೆ ಅವರಿಗೆ ಹೆದರಿ ಸುಮ್ಮನಿರೋದಲ್ಲ. ಚೆಲ್ಟನ್‌ಹ್ಯಾಮ್ ಕಾಲೇಜಿನಲ್ಲಿ ಗಂಡು ವಿದ್ಯಾರ್ಥಿಗಳಿಗೆ ಪಾಠ ಹೇಳುವ ಮಾತು ಬಂದಾಗ ಭಾರತದಲ್ಲಿದ್ದ ಬಿಷಪರು ಬೇಡ ಅಂದರು, ಹಿಂದೂಗಳು ಏನು ಅಂದುಕೊಂಡಾರು ಅಂತ. ಆ ಹಿಂದೂ ಜನರ ಎದುರೇ, ಗಂಡಸರ ತುಂಬಿದ ಸಭೆಗಳಲ್ಲೇ ತಾವು ವರ್ಷಗಟ್ಟಲೆ ಮಾತಾಡಿ ಬಂದಿದ್ದೇವೆ ಅಂತ ಅವರು ಖಡಾಖಂಡಿತ ಉತ್ತರ ಬರೆದರು. ತಮ್ಮನ್ನು ಪ್ರೀತಿಸಿದ ಸಿಸ್ಟರ್‌ಗಳ ಜೊತೆಯೂ ಪತ್ರದಲ್ಲಿ ವಾದ ಮಾಡಿದರು, ಮನಸ್ಸಾಕ್ಷಿ ದೇವರು ಕೊಟ್ಟದ್ದು, ಅದನ್ನು ಇನ್ನೊಬ್ಬರ ಕೈಗೆ ಕೊಡಲಾರೆ ಅನ್ನೋ ಅರ್ಥದಲ್ಲಿ.

1886ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಮಾತಾಡಿ, ಪುಸ್ತಕ ಬರೆದು, ಭಾರತದ ಬಾಲವಿಧವೆಯರ ಶಾಲೆಗೆ ಸಹಾಯ ಕೂಡಿಸಿಕೊಂಡು ಬಂದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆದರು.

ಆ ವರ್ಷದ ಕೊನೆಯಲ್ಲಿ ನಡೆದ ಒಂದು ಸಂಗತಿ ಕೇಳಿ. ಮುಂಬಯಿಯಲ್ಲಿ ದೇಶದ ದೊಡ್ಡ ದೊಡ್ಡ ನಾಯಕರು ಸೇರಿದ್ದ ಸಾಮಾಜಿಕ ಸಮ್ಮೇಳನ. ವಿಧವೆಯರ ತಲೆ ಬೋಳಿಸುವ ಪದ್ಧತಿಯ ವಿರುದ್ಧ ಮಾತಾಡೋಕೆ ರಮಾಬಾಯಿ ಎದ್ದು ನಿಂತರು. ಸಾವಿರಾರು ಗಂಡಸರು, ಗದ್ದಲ. ಮೈಕ್ ಇಲ್ಲದ ಕಾಲ. ಅವರ ಜೀವನ ಚರಿತ್ರೆ ಬರೆದವರು ಹೇಳುವಂತೆ, ರಮಾಬಾಯಿ ಕಿರುಚಲಿಲ್ಲ. ಸುಮ್ಮನೆ ನಿಂತರು. ಗದ್ದಲ ಇಳಿಯುವ ತನಕ ಕಾದರು. ಪೂರ್ತಿ ನಿಶ್ಶಬ್ದ ಆದ ಮೇಲೆ, ತಮ್ಮ ಧ್ವನಿ ಸಣ್ಣದಾಗಿರೋದರಲ್ಲಿ ಆಶ್ಚರ್ಯ ಇಲ್ಲ, ಹೆಣ್ಣಿನ ಧ್ವನಿ ಗಟ್ಟಿಯಾಗೋಕೆ ನೀವು ಯಾವತ್ತೂ ಅವಕಾಶ ಕೊಟ್ಟವರಲ್ಲ ಅನ್ನೋ ಅರ್ಥದ ಮಾತು ಹೇಳಿದರು. ಆಮೇಲೆ ಗದ್ದಲ ಇಲ್ಲ.

ಪ್ರಿಯರೇ, ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಧ್ವನಿ ಗಟ್ಟಿಯಾಗೋಕೂ ಅವಕಾಶ ಬೇಕು. ಯಾರೂ ಹುಟ್ಟುತ್ತಲೇ ಸಾಕ್ಷಿ ಹೇಳೋಕೆ ಕಲಿತು ಬರೋದಿಲ್ಲ. ತಡವರಿಸುವಾಗ ಕಾಯುವವರು ಇದ್ದರೆ ಮಾತ್ರ ಒಂದು ದಿನ ಧ್ವನಿ ಗಟ್ಟಿಯಾಗ್ತದೆ. ನಾನು ಮೈಕ್ ಕಿತ್ತುಕೊಂಡೆನಲ್ಲ ಅವತ್ತು, ಸಮಯ ಉಳಿಸಿದೆ ಅಂದುಕೊಂಡಿದ್ದೆ.

ಮುಂದೆ ಸದನ ಪುಣೆಗೆ ಬಂತು. ಅಲ್ಲಿ ಕಷ್ಟದ ಕಾಲ. ಧರ್ಮದ ವಿಷಯದಲ್ಲಿ ಶಾಲೆ ಯಾರನ್ನೂ ಒತ್ತಾಯಿಸೋದಿಲ್ಲ ಅಂತ ಮಾತು ಇತ್ತು. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ಬಂದು ಕೂತರು. ಪತ್ರಿಕೆಗಳಲ್ಲಿ ದೊಡ್ಡ ಟೀಕೆ ಆಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅಂಥ ಹಿತೈಷಿಗಳೂ ಸಲಹಾ ಸಮಿತಿ ಬಿಟ್ಟರು. ಅವರಿಗೂ ಅವರ ಕಾರಣಗಳಿದ್ದವು, ಆ ಮಹನೀಯರನ್ನು ಹೀಗಳೆಯೋದು ನಮ್ಮ ಕೆಲಸ ಅಲ್ಲ. ಅನೇಕ ಹುಡುಗಿಯರನ್ನು ಮನೆಯವರು ಕರೆದುಕೊಂಡು ಹೋದರು. ರಮಾಬಾಯಿ ಬಾಗಿಲು ಮುಚ್ಚಲೂ ಇಲ್ಲ, ಯಾರನ್ನೂ ಕೈ ಹಿಡಿದು ಎಳೆಯಲೂ ಇಲ್ಲ. ಕೆಲಸ ಮುಂದುವರಿಸಿದರು.

1896–97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ಎಲೆ ತಿಂದು ಬದುಕಿದ ನೆನಪು ಇದ್ದ ಹೆಂಗಸಿಗೆ ಪುಣೆಯಲ್ಲಿ ಕೂರೋಕೆ ಆಗಲಿಲ್ಲ. ಹೊರಟು ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಸುಮಾರು 60 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ಅವರಿಗೆ ಜಾಗ ಆಯಿತು. ಹೆಸರು ಮುಕ್ತಿ. 1900ರ ಗುಜರಾತ್ ಬರದ ನಂತರ ಅಲ್ಲಿ ಇದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಅನಾಥರು, ವಿಧವೆಯರು, ಕುರುಡರು, ವಯಸ್ಸಾದವರು. ನೇಯ್ಗೆ, ತೋಟ, ಮುದ್ರಣ ಎಲ್ಲಾ ಅವರೇ ಕಲಿತರು. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ಮನೋರಮಾ ಮುಂದೆ ನಮ್ಮ ಇಂದಿನ ಕರ್ನಾಟಕದ ಗುಲ್ಬರ್ಗಾದಲ್ಲೂ ಒಂದು ಶಾಲೆ ನಡೆಸಿದರು.

ಈಗ 1905ಕ್ಕೆ ಬರೋಣ. ನಮ್ಮ ಪೆಂಟೆಕೋಸ್ಟಲ್ ಇತಿಹಾಸದಲ್ಲಿ ಎಲ್ಲರೂ 1906ರ ಅಜುಸಾ ಬೀದಿಯ ಬಗ್ಗೆ ಹೇಳ್ತಾರೆ. ಅದಕ್ಕೂ ಮೊದಲು ನಮ್ಮ ದೇಶದ ಕೇಡಗಾಂವ್‌ನಲ್ಲಿ ಉಜ್ಜೀವನ ಬಂತು. ವೇಲ್ಸ್ ದೇಶದ ಉಜ್ಜೀವನದ ಸುದ್ದಿ ಕೇಳಿ ರಮಾಬಾಯಿ ಆ ವರ್ಷದ ಜನವರಿಯಲ್ಲಿ ಪ್ರಾರ್ಥನೆಗೆ ಕರೆ ಕೊಟ್ಟರು. 70 ಮಂದಿ ಮುಂದೆ ಬಂದರು. ಜೂನ್ ಹೊತ್ತಿಗೆ 500ಕ್ಕೂ ಹೆಚ್ಚು. ಜೂನ್ 30ರಂದು ರಮಾಬಾಯಿ ಎಂದಿನ ಹಾಗೆ ಶಾಂತವಾಗಿ ಯೋಹಾನ 8ನೇ ಅಧ್ಯಾಯದಿಂದ ಪಾಠ ಹೇಳ್ತಾ ಇದ್ದರು. ಇದ್ದಕ್ಕಿದ್ದ ಹಾಗೆ ಹುಡುಗಿಯರು ಒಬ್ಬೊಬ್ಬರಾಗಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಅಳು, ಪಾಪದ ಅರಿಕೆ, ಸ್ತೋತ್ರ. ಇಡೀ ಕೋಣೆ ತುಂಬಿತು.

ರಮಾಬಾಯಿ ಏನು ಮಾಡಿದರು ಗೊತ್ತಾ? ಮಾತು ನಿಲ್ಲಿಸಿದರು.

ದೇಶದ ಅತ್ಯಂತ ದೊಡ್ಡ ಮಹಿಳಾ ವಾಗ್ಮಿ, ತಮ್ಮದೇ ಸಂಸ್ಥೆಯಲ್ಲಿ, ತಮ್ಮದೇ ಪಾಠದ ನಡುವೆ, ಬಾಯಿ ಮುಚ್ಚಿದರು. ಮಾತಾಡ್ತಾ ಇದ್ದವರು ಯಾರು? ಬರದಲ್ಲಿ ಬೀದಿಯಿಂದ ತಂದ ಮಕ್ಕಳು. ಗಂಡ ಸತ್ತದ್ದಕ್ಕೆ ಅಪಶಕುನ ಅಂತ ಮೂಲೆಗೆ ತಳ್ಳಿಸಿಕೊಂಡವರು. ಮನೆಯಲ್ಲಿ ಗಟ್ಟಿಯಾಗಿ ಉಸಿರಾಡೋಕೂ ಹೆದರಿದವರು. ಅವರ ಬಾಯಿ ದೇವರ ಎದುರು ತೆರೆಯಿತು. ಗದ್ದಲ ಅಂತ ಹೊರಗಿನಿಂದ ಟೀಕೆ ಬಂತು, ಮಿಷನರಿಗಳಲ್ಲೂ ಕೆಲವರಿಗೆ ಹಿಡಿಸಲಿಲ್ಲ. ರಮಾಬಾಯಿ ತಡೆಯಲಿಲ್ಲ. ಇನ್ನೂ ಒಂದು ಸಂಗತಿ. ಆಮೇಲೆ ಆ ಹುಡುಗಿಯರಲ್ಲಿ ಕೆಲವರಿಗೆ ಅನ್ಯಭಾಷೆಯ ವರ ಬಂತು. ಅವರ ಬಗ್ಗೆ ಬರೆದವರ ಪ್ರಕಾರ ರಮಾಬಾಯಿಗೆ ಆ ವರ ಸಿಗಲಿಲ್ಲ. ತನಗೆ ಇಲ್ಲದ ವರ ತನ್ನ ಮಕ್ಕಳಿಗೆ ಬಂದಾಗ ಹೊಟ್ಟೆಕಿಚ್ಚು ಪಡದೆ, ಅನುಮಾನದಿಂದ ಮುಚ್ಚಿಸದೆ, ಜಾಗ ಬಿಟ್ಟುಕೊಟ್ಟರು. ಸಹೋದರರೇ, ನಾಯಕರಾಗಬೇಕು ಅಂತ ಆಸೆ ಇರುವವರೇ, ಇದು ಕಷ್ಟದ ಮೌನ.

ಉಜ್ಜೀವನದ ನಂತರದ ವರ್ಷಗಳಲ್ಲಿ ಅವರು ಏನು ಮಾಡಿದರು? ವೇದಿಕೆ ಹುಡುಕಲಿಲ್ಲ. ಮೇಜಿನ ಮುಂದೆ ಕೂತರು. ಆಗ ಇದ್ದ ಮರಾಠಿ ಸತ್ಯವೇದದ ಭಾಷೆ ಹಳ್ಳಿಯ ಹೆಂಗಸರಿಗೆ ಅರ್ಥ ಆಗೋದಿಲ್ಲ ಅಂತ, ಹೀಬ್ರೂ, ಗ್ರೀಕ್ ಕಲಿತು, ತಾವೇ ಹೊಸದಾಗಿ ಅನುವಾದಿಸೋಕೆ ಶುರು ಮಾಡಿದರು. 18,000 ಸಂಸ್ಕೃತ ಶ್ಲೋಕ ಬಾಯಿಗೆ ಬರುವವರು ದೊಡ್ಡ ಸಂಸ್ಕೃತ ಶಬ್ದಗಳನ್ನು ಬದಿಗೆ ಇಟ್ಟು, ಅಡುಗೆಮನೆಯ ಮರಾಠಿ ಹುಡುಕಿದರು. ತನಗೆ ಗೊತ್ತಿರುವ ಶಬ್ದವನ್ನು ಇನ್ನೊಬ್ಬರಿಗೋಸ್ಕರ ಹೇಳದೆ ಇರೋದೂ ಮೌನವೇ. ಮುಕ್ತಿಯ ಹೆಣ್ಣುಮಕ್ಕಳೇ ಅಚ್ಚು ಜೋಡಿಸಿ ತಮ್ಮ ಪ್ರೆಸ್ಸಿನಲ್ಲಿ ಮುದ್ರಿಸಿದರು. ಹೀಗೆ ಸುಮಾರು ಹದಿನೇಳು ವರ್ಷ.

1921ರ ಜುಲೈಯಲ್ಲಿ ಮಗಳು ಮನೋರಮಾ ತೀರಿಕೊಂಡಳು. ನಲವತ್ತು ವರ್ಷ. ಕಿವಿ ಮಂದ, ದೇಹ ಬಳಲಿದೆ, ಒಬ್ಬಳೇ ಮಗಳೂ ಇಲ್ಲ. ಆದರೂ ಮೇಜು ಬಿಡಲಿಲ್ಲ. ಅನುವಾದದ ತಿದ್ದುವ ಕೆಲಸ ಮುಗಿಸಿ, 1922ರ ಏಪ್ರಿಲ್ 5ರಂದು ರಮಾಬಾಯಿ ಕರ್ತನಲ್ಲಿ ನಿದ್ರೆ ಹೋದರು. 64 ತುಂಬೋಕೆ ಮೂರು ವಾರ ಬಾಕಿ ಇತ್ತು. ಪೂರ್ತಿ ಸತ್ಯವೇದ ಹೊರಗೆ ಬಂದದ್ದು ಅವರು ಹೋದ ಮೇಲೆ.

ಈ ಜೀವನದಿಂದ ನಾನು ಕಲಿತದ್ದು ಒಂದೇ ಮಾತು: ಮೌನವನ್ನು ನಾವು ನಮ್ಮ ಮೇಲೆ ಹಾಕಿಕೊಳ್ಳಬೇಕು, ಇನ್ನೊಬ್ಬರ ಮೇಲೆ ಹಾಕಬಾರದು. ನಾನು ನನ್ನ ಬಾಯಿ ಮುಚ್ಚಿದ್ರೆ ಅದು ಶಿಸ್ತು. ನಿನ್ನ ಬಾಯಿ ಮುಚ್ಚಿಸಿದ್ರೆ ಅದು ದಬ್ಬಾಳಿಕೆ. ಎರಡಕ್ಕೂ ಹೊರಗಿನಿಂದ ಸದ್ದು ಒಂದೇ, ಅಂದ್ರೆ ಸದ್ದೇ ಇಲ್ಲ. ಆದರೆ ಒಂದು ಕ್ರಿಸ್ತನಿಂದ, ಇನ್ನೊಂದು ಅಲ್ಲ.

ಮಾರ್ಕ 10ನೇ ಅಧ್ಯಾಯದ ಬಾರ್ತಿಮಾಯನನ್ನು ನೆನಪು ಮಾಡಿಕೊಳ್ಳಿ. ದಾರಿ ಬದಿಯ ಕುರುಡು ಭಿಕ್ಷುಕ ಕೂಗ್ತಾನೆ. ಸುಮ್ಮನಿರು ಅಂತ ಗದರಿಸಿದ್ದು ಯಾರು? ಯೇಸುವಿನ ಹಿಂದೆ ನಡೆಯುತ್ತಿದ್ದ ಜನ. ಭಕ್ತರು. ಯೇಸು ನಿಂತರು, ಅವನನ್ನು ಕರೆಸಿದರು, ನಿನಗೆ ಏನು ಬೇಕು ಅಂತ ಕೇಳಿದರು. ಕುರುಡನಿಗೆ ಏನು ಬೇಕು ಅಂತ ದೇವರ ಮಗನಿಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದರೂ ಅವನ ಬಾಯಿಂದ ಕೇಳಿದರು.

ಹಾಗಾಗಿ ಒಂದು ಎಚ್ಚರಿಕೆ. ಮನೆಯಲ್ಲಿ ಹೊಡೆತ ತಿನ್ನುವ ತಂಗಿಗೆ, ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸುವವರಿಗೆ, ಸಭೆಯಲ್ಲೇ ಯಾರಾದರೂ ತಪ್ಪಾಗಿ ನಡೆದುಕೊಂಡದ್ದನ್ನು ಹೇಳೋಕೆ ಬಂದವರಿಗೆ, ಸುಮ್ಮನಿರು, ಪ್ರಾರ್ಥನೆ ಮಾಡು ಅಂತ ಹೇಳಿ ಕಳಿಸಬೇಡಿ. ಆ ಮೌನ ಆತ್ಮಿಕ ಶಿಸ್ತಲ್ಲ. ಅಲ್ಲಿ ನಮ್ಮ ಶಿಸ್ತು ಏನು ಅಂದ್ರೆ, ಬುದ್ಧಿ ಹೇಳದೆ ಪೂರ್ತಿ ಕೇಳೋದು, ನಂಬೋದು, ಆಮೇಲೆ ಅವರ ಜೊತೆ ಎದ್ದು ನಿಂತು ಮಾತಾಡೋದು. ಯೋಬನ ಸ್ನೇಹಿತರು ಏಳು ದಿನ ಸುಮ್ಮನೆ ಕೂತಿದ್ದರು, ಅಲ್ಲಿಯ ತನಕ ಅವರು ಒಳ್ಳೆಯ ಸ್ನೇಹಿತರು. ಕೆಟ್ಟದ್ದು ಬುದ್ಧಿ ಹೇಳೋಕೆ ಶುರು ಮಾಡಿದ ಮೇಲೆ.

ಈ ವಾರ ನಾವು ಮಾಡಬಹುದಾದದ್ದು ಮೂರು. ಒಂದು, ದಿನಕ್ಕೆ ಹತ್ತು ನಿಮಿಷ ದೇವರ ಎದುರು ಸುಮ್ಮನೆ ಕೂರೋದು. ಫೋನ್ ಇನ್ನೊಂದು ಕೋಣೆಯಲ್ಲಿ ಇರಲಿ. ಹಾಡು ಬೇಡ, ಬೇಡಿಕೆಯ ಪಟ್ಟಿ ಬೇಡ. ಮನಸ್ಸು ಓಡ್ತದೆ, ಓಡಲಿ, ತಿರುಗಿ ಬರ್ತದೆ. ಬೈಂದೂರಿನ ಕಡೆಯವರು ಮರವಂತೆಯಲ್ಲಿ ಒಂದು ಸಂಜೆ ಕೂತು ನೋಡಿ. ರಸ್ತೆಯ ಒಂದು ಕಡೆ ಸಮುದ್ರ ಮೊರೆಯುತ್ತದೆ, ಇನ್ನೊಂದು ಕಡೆ ಸೌಪರ್ಣಿಕಾ ಸದ್ದಿಲ್ಲದೆ ಹರೀತದೆ. ಎರಡೂ ನೀರೇ, ಎರಡನ್ನೂ ಮಾಡಿದವರು ಒಬ್ಬರೇ. ಸೆಲ್ಫಿ ತೆಗೀದೆ ವಾಪಸ್ ಬರೋಕೆ ಆಗ್ತದಾ ನೋಡಿ.

ಎರಡು, ಯಾರಾದರೂ ಮಾತಾಡುವಾಗ ತಡೆದು ನಿಂತರೆ, ಆ ವಾಕ್ಯವನ್ನು ನೀವು ಮುಗಿಸಬೇಡಿ. ಮನಸ್ಸಲ್ಲೇ ಹತ್ತು ಎಣಿಸಿ. ಮುಖ್ಯವಾದ ಮಾತು ಬಹಳ ಸಲ ಆ ಹತ್ತರ ಆಚೆ ಇರ್ತದೆ. ಯಾಕೋಬನ ಪತ್ರಿಕೆ 1ನೇ ಅಧ್ಯಾಯ ಕಿವಿಯನ್ನು ಮುಂದೆ, ನಾಲಿಗೆಯನ್ನು ಹಿಂದೆ ಇಡು ಅಂತ ಕಲಿಸೋದು ಇದನ್ನೇ.

ಮೂರು, ಪ್ರತಿ ದಿನ ಒಬ್ಬರಿಗೆ ಒಂದು ಪ್ರೋತ್ಸಾಹದ ಮಾತು. ಫಾರ್ವರ್ಡ್ ಮೆಸೇಜ್ ಅಲ್ಲ, ಗುಡ್ ಮಾರ್ನಿಂಗ್ ವಚನದ ಚಿತ್ರ ಅಲ್ಲ. ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ ನೋಡಿ, ಅದನ್ನು ಹೆಸರಿಟ್ಟು ಹೇಳೋದು. ಅಪ್ಪನಿಗೆ ಹೇಳಿ. ಸಭೆಯಲ್ಲಿ ಹಿಂದಿನ ಸಾಲಲ್ಲಿ ಕೂರುವ, ಕುರ್ಚಿ ಜೋಡಿಸಿ ಸುಮ್ಮನೆ ಹೋಗುವ ಆ ಹುಡುಗನಿಗೆ ಹೇಳಿ. ಬಾರ್ನಬ ಒಬ್ಬ ಹಾಗೆ ಮಾತಾಡಿದ್ದಕ್ಕೆ ಯೆರೂಸಲೇಮಿನ ಸಭೆ ಪೌಲನನ್ನು ಒಳಗೆ ಸೇರಿಸಿಕೊಂಡಿತು. ಒಬ್ಬನ ಒಳ್ಳೆಯ ಮಾತು ಎಷ್ಟು ದೂರ ಹೋಯಿತು ನೋಡಿ.

ಕೊನೆಗೆ ಆ ತಂಗಿಯ ವಿಷಯ. ನಾನು ಫೋನ್ ಮಾಡಿ ಕ್ಷಮೆ ಕೇಳಿದೆ. ಸಮಜಾಯಿಷಿ ಕೊಡಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಅವತ್ತು ನೀನು ಹೇಳಬೇಕು ಅಂದುಕೊಂಡದ್ದನ್ನು ಈಗ ಹೇಳೋಕೆ ಮನಸ್ಸಿದ್ರೆ ನಾನು ಕೇಳ್ತೇನೆ ಅಂದೆ. ಆಚೆಯಿಂದ ತುಂಬಾ ಹೊತ್ತು ಏನೂ ಇಲ್ಲ. ಲೈನ್ ಕಟ್ ಆಯ್ತಾ ಅಂತ ಎರಡು ಸಲ ಸ್ಕ್ರೀನ್ ನೋಡಿದೆ. ಬಾಯಿ ತೆರೀದೆ ಇರೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಆಮೇಲೆ ಆಕೆ ಮಾತಾಡಿದಳು. ಏನು ಹೇಳಿದಳು ಅನ್ನೋದು ಆಕೆಯ ಮಾತು, ನಾನು ಹೇಳೋ ಹಾಗಿಲ್ಲ. ಆಕೆ ನಮ್ಮ ಸಭೆಗೆ ತಿರುಗಿ ಬಂದಿಲ್ಲ. ಬೇರೆ ಊರಿನಲ್ಲಿ ಬೇರೆ ಸಭೆಗೆ ಹೋಗ್ತಾಳೆ. ಅಲ್ಲಿ ಆಕೆಗೆ ಕಾಯುವವರು ಸಿಗಲಿ ಅಂತ ಪ್ರಾರ್ಥಿಸ್ತೇನೆ.

ಈಗ ಎದ್ದು ನಿಲ್ಲೋಣ. ಕೀಬೋರ್ಡ್ ಬೇಡ, ತಮ್ಮಾ. ಒಂದು ನಿಮಿಷ ಯಾರೂ ಏನೂ ಹೇಳೋದು ಬೇಡ. ಆಮೇಲೆ, ಈ ಸಭೆಯಲ್ಲಿ ಇದುವರೆಗೂ ಬಾಯಿ ತೆರೆದು ಪ್ರಾರ್ಥಿಸದೆ ಇರುವವರು ಯಾರಾದರೂ ಇದ್ದರೆ, ನಿಮಗೆ ಮನಸ್ಸಿದ್ದರೆ, ನೀವು ಪ್ರಾರ್ಥಿಸಿ. ತಡವರಿಸಿದ್ರೂ ಪರವಾಗಿಲ್ಲ. ನಾವು ಕಾಯ್ತೇವೆ. ಮೈಕ್ ನಾನು ಕೆಳಗೆ ಇಡ್ತಿದ್ದೇನೆ.

ಆಮೆನ್.